ಕಾಯಿಲೆ ಇಲ್ಲದ ಪುಸ್ತಕಗಳು

ನಂದಗುಡಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಡಂ ನನ್ನ ಗೆಳತಿ. ಇಬ್ಬರ ಮನೆಯೂ ಹೊಸಕೋಟೆಯಲ್ಲಿ. ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಎಷ್ಟು ವರ್ಷ ಕಳೆದರೂ ಒಬ್ಬರನ್ನೊಬ್ಬರು ಮೇಡಂ ಎನ್ನುವುದನ್ನು, ನೀವು ಎನ್ನುವುದನ್ನು ಬಿಡಲಿಲ್ಲ. ಅವರ ಮನೆಯಲ್ಲಿ ಆಡುವುದು ದಖನಿ ಉರ್ದು. ಅವರು ಓದುತ್ತಿದ್ದುದೆಲ್ಲ ಕನ್ನಡ.

ಬೇಸಿಗೆ ರಜೆ ಸಿಕ್ಕ ದಿನ ಬಸ್ಸಿಳಿದು ನೇರವಾಗಿ ಊರಿನ ಗ್ರಂಥಾಲಯಕ್ಕೆ ಹೋಗುವುದು ನಮ್ಮ ರೂಢಿ. ಅವರು ಓದಬೇಕಾದ್ದನ್ನು ನಾನು ಆರಿಸಬೇಕು, ನಾನು ಓದಬೇಕಾದ್ದನ್ನು ಅವರು. ಅದು ಹೇಗೆ ಶುರುವಾಯಿತೋ ಈಗ ನೆನಪಿಲ್ಲ. ನನಗೆ ಯಾವಾಗಲೂ ಪ್ರವಾಸದ ಪುಸ್ತಕವನ್ನೇ ಹುಡುಕಿಕೊಡುತ್ತಿದ್ದರು. “ನೀವು ಹೊಸಕೋಟೆ ಬಿಟ್ಟು ಎಲ್ಲೂ ಹೋಗಲ್ಲ, ಓದಿಯಾದ್ರೂ ಸುತ್ತಿ” ಎನ್ನುವರು. ಅವರಿಗೆ ಬೇಕಾದ್ದು ದಪ್ಪ ಕಾದಂಬರಿ. ತುಂಬಿದ ಮನೆಯಿರಬೇಕು, ಅಕ್ಕತಂಗಿಯರಿರಬೇಕು, ಒಂದು ಮದುವೆ ಮುರಿಯಬೇಕು, ಇನ್ನೊಂದು ಕೂಡಿಬರಬೇಕು.

ಎರಡು ವರ್ಷದ ಹಿಂದೆ ಸಂಕ್ರಾಂತಿ ಕಳೆದ ಮೇಲೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದುಕೊಂಡು ಸುಮ್ಮನಿದ್ದರು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಶಾಲೆಗೆ ಬರುವುದು ನಿಂತಿತು.

ರಜೆ ಹತ್ತಿರ ಬಂದಾಗ ನೋಡಲು ಹೋದೆ. ಕೆರೆಯ ಕಡೆಗಿದ್ದ ಅವರ ಮನೆಯ ನಡುಕೋಣೆಯಲ್ಲಿ ಮಂಚ ಹಾಕಿದ್ದರು. ತಲೆಗೆ ದುಪಟ್ಟಾ ಸುತ್ತಿಕೊಂಡು ಗೋಡೆಗೆ ಒರಗಿದ್ದರು.

“ಈ ಸಲ ನೀವೊಬ್ರೇ ಹೋಗಿ ತನ್ನಿ ಮೇಡಂ” ಎಂದರು. “ಒಂದೇ ಮಾತು. ಕಾಯಿಲೆ ಇರೋ ಕಥೆ ಬೇಡ. ಯಾರೂ ಸಾಯ್ಬಾರ್ದು.”

“ಅದಕ್ಕೇನಂತೆ, ತರ್ತೀನಿ” ಎಂದೆ.

ಅದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಾದಂಬರಿಗಳ ಕಪಾಟಿನ ಮುಂದೆ ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದು ನೋಡಿದೆ. ಒಂದರಲ್ಲಿ ಮೊದಲ ಪುಟದಲ್ಲೇ ಮನೆಯ ಯಜಮಾನರ ತಿಥಿ. ಇನ್ನೊಂದರಲ್ಲಿ ಸೊಸೆಗೆ ಕ್ಷಯ. ರಕ್ಷಾಪುಟದಲ್ಲಿ ನಗುವ ಹುಡುಗಿಯ ಚಿತ್ರವಿದ್ದ ಪುಸ್ತಕದ ನಡುವೆ ಜ್ವರಕ್ಕೆ ಮಗು ಹೋಗಿತ್ತು. ಇಷ್ಟು ವರ್ಷ ಕಥೆ ಕಾದಂಬರಿ ಪಾಠ ಮಾಡಿದ್ದೇನೆ, ಅವುಗಳಲ್ಲಿ ಇಷ್ಟೊಂದು ಸಾವಿದೆ ಎಂದು ಅಂದಿನವರೆಗೆ ಗಮನಿಸಿರಲಿಲ್ಲ. ನಾಲ್ವರು ಅಕ್ಕತಂಗಿಯರ ಕಾದಂಬರಿಯೊಂದು ಸಿಕ್ಕಿತು. ಮೂರು ಪುಟ ಓದುವಷ್ಟರಲ್ಲಿ ಇದು ಅವರದೇ ಪುಸ್ತಕ ಅನ್ನಿಸಿತು. ಮುಂದೆ ತಿರುವಿದರೆ ದೊಡ್ಡಕ್ಕ ಕಾಯಿಲೆ ಬಿದ್ದು ಸಾಯುತ್ತಾಳೆ. ಅದನ್ನು ಸಾಲಿನ ಹಿಂದಕ್ಕೆ ತಳ್ಳಿದೆ. ಕೊನೆಗೆ ಹರಟೆಗಳ ಒಂದು ಸಂಗ್ರಹ, ಕೆರೆಯ ಹಕ್ಕಿಗಳ ಬಗ್ಗೆ ಒಂದು ಪುಸ್ತಕ, ಕಳೆದುಹೋದ ಕರುವನ್ನು ಹುಡುಕುವ ಮಕ್ಕಳ ಕಥೆಯೊಂದನ್ನು ತಂದೆ.

ಅವರು ತಿರುಗಿಸಿ ನೋಡಿ ನಕ್ಕರು. “ಐದನೇ ಕ್ಲಾಸಿನ ಮಕ್ಳಿಗೆ ತಂದಂಗಿದೆ.”

ಔಷಧಿಯ ಮಂಪರಿನಲ್ಲಿ ಅವರಿಗೆ ಅಕ್ಷರ ನಿಲ್ಲುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಹೋಗಿ ನಾನೇ ಓದುತ್ತಿದ್ದೆ. ಅವರ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಊಟಕ್ಕೆ ಬಂದವರು ತಟ್ಟೆ ತೊಳೆದಿಟ್ಟು, ವಾಪಸ್ ಹೋಗುವವರೆಗೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹರಟೆಗೆ ಮೇಡಂ ಮೊದಮೊದಲು ನಕ್ಕರು. ಆಮೇಲಾಮೇಲೆ ನನಗೆ ಬೇಜಾರಾಗಬಾರದೆಂದು ನಗುತ್ತಿದ್ದರು.

ಒಂದು ದಿನ ನಾನು ಓದುತ್ತಿದ್ದ ಪುಟದ ಮೇಲೆ ಕೈಯಿಟ್ಟರು.

“ಮೇಡಂ, ನಾನು ಚೆನ್ನಾಗಿದ್ದಿದ್ರೆ ಈ ರಜಕ್ಕೆ ಯಾವ್ದು ತರ್ತಿದ್ರಿ?”

ನಾನು ಪುಸ್ತಕ ಮಡಚಿ ಮಂಚದ ಮೇಲಿಟ್ಟೆ.

“ಒಂದನ್ನ ಕೈಗೆ ತಗೊಂಡು ವಾಪಸ್ ಇಟ್ಟಿರ್ತೀರ. ನಂಗೊತ್ತು. ಅದನ್ನೇ ತನ್ನಿ.”

“ಅದ್ರಲ್ಲಿ ದೊಡ್ಡಕ್ಕ ತೀರ್ಕೊಳ್ತಾಳೆ.”

“ತೀರ್ಕೊಳ್ಳಲಿ ಬಿಡಿ. ಮಿಕ್ಕ ಮೂವರು ಇರ್ತಾರಲ್ಲ.”

ಮಾರನೆಯ ದಿನವೇ ತಂದೆ. ಆ ಕಾದಂಬರಿ ಶುರುವಾದ ಮೇಲೆ ಅವರು ಮತ್ತೆ ಮೊದಲಿನ ಹಾಗೆ ಜಗಳಕ್ಕೆ ಬಂದರು. ಎರಡನೆಯವಳನ್ನು ಕಂಡರೆ ಅವರಿಗೆ ಬಲು ಪ್ರೀತಿ. “ಆ ಗಂಡು ಇವಳಿಗೆ ಬೇಡ ಕಣ್ರೀ, ಹಾಳಾಗ್ತಾಳೆ” ಎಂದು, ಮದುವೆ ನಿಲ್ಲಿಸುವುದು ನನ್ನ ಕೈಯಲ್ಲಿದೆಯೇನೋ ಎಂಬಂತೆ ಒತ್ತಿ ಹೇಳುವರು. ಕಣ್ಣಲ್ಲಿ ಹಳೆಯ ಚುರುಕು ಕಂಡು ನನಗೆ ಸುಮ್ಮನೆ ಆಸೆ ಹುಟ್ಟುತ್ತಿತ್ತು.

ದೊಡ್ಡಕ್ಕನ ಕೊನೆಯ ಅಧ್ಯಾಯ ಬಂತು. ನಾನು ಮೆಲ್ಲಗೆ ಮುಂದಕ್ಕೆ ಹೋಗಲು ನೋಡಿದೆ.

“ಹಾಳೆ ಹಾರಿಸಿದ್ರಿ” ಎಂದರು, ಕಣ್ಣು ಮುಚ್ಚಿಕೊಂಡೇ.

ಹಿಂದಕ್ಕೆ ತಿರುಗಿಸಿ ಓದಿದೆ. ದೊಡ್ಡಕ್ಕ ಮಲಗಿದಲ್ಲಿಂದಲೇ ತಂಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಬುದ್ಧಿ ಹೇಳುತ್ತಾಳೆ, ಹಳೆಯದನ್ನೆಲ್ಲ ನೆನೆಯುತ್ತಾಳೆ, ಕ್ಷಮೆ ಕೇಳುತ್ತಾಳೆ. ಪುಟಗಟ್ಟಲೆ ಇತ್ತು. ಒಂದು ಸಾಲನ್ನೂ ಬಿಡದೆ ಮುಗಿಸಿದೆ. ಅವರು ಕಣ್ಣು ತೆರೆದರು.

“ಎಷ್ಟೊಂದು ಮಾತಾಡ್ತಾಳೆ ಮೇಡಂ” ಎಂದರು. “ಅಷ್ಟು ಉಸಿರು ಎಲ್ಲಿರುತ್ತೆ.”

ಬಾಗಿಲ ಬಳಿ ಕೂತಿದ್ದ ಅವರ ಯಜಮಾನರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಅದು ಬಹಳ ಹೊತ್ತು ನಿಲ್ಲಲಿಲ್ಲ.

ಆಮೇಲೆ ಓದು ನಿಧಾನವಾಯಿತು. ಅರ್ಧ ಪುಟಕ್ಕೆ ನಿದ್ದೆ ಬರುತ್ತಿತ್ತು. ಎದ್ದಾಗ ಎಲ್ಲಿಗೆ ನಿಂತಿತ್ತೆಂದು ಕೇಳುವುದನ್ನೂ ಬಿಟ್ಟರು. ಶಾಲೆ ಶುರುವಾದ ಮೇಲೆ ಸಂಜೆ ಹೋಗಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರಿದೇ ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿದ್ದಾಗ ಅವರ ಯಜಮಾನರ ಫೋನ್ ಬಂತು. “ಹೋಗ್ಬಿಟ್ಳು ಮೇಡಂ” ಎಂದರು.

ಮಧ್ಯಾಹ್ನ ತೆಗೆದುಕೊಂಡು ಹೋದರು. ಅವರಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಬಾಗಿಲವರೆಗೆ ಬಂದು ಎಲ್ಲರ ಜೊತೆ ನಿಂತುಕೊಂಡೆ. ರಸ್ತೆಯ ತಿರುವಿನಲ್ಲಿ ಗಂಡಸರ ಗುಂಪು ಮರೆಯಾದ ಮೇಲೂ ಅಲ್ಲೇ ನಿಂತಿದ್ದೆ.

ಕೆಲವು ದಿನಗಳಾದ ಮೇಲೆ ಅವರ ಯಜಮಾನರು ಗ್ರಂಥಾಲಯದ ಪುಸ್ತಕಗಳನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಕೊಟ್ಟ ಮೇಲೂ ಹೊರಡಲಿಲ್ಲ.

“ಆ ಮೂರು ಜನ ತಂಗೀರು ಏನಾದ್ರು ಮೇಡಂ?” ಎಂದು ಕೇಳಿದರು.

ಬಾಗಿಲ ಬಳಿ ಕೂತು ಅವರೂ ಕೇಳಿಸಿಕೊಳ್ಳುತ್ತಿದ್ದರೆಂದು ಆಗ ತಿಳಿಯಿತು. ನಾನೂ ಮುಂದೆ ಓದಿಲ್ಲ ಎಂದೆ. “ಓದಿದ್ರೆ ಹೇಳಿ” ಎಂದು ಹೋದರು.

ಉಳಿದದ್ದನ್ನು ಓದಿ, ಭಾನುವಾರ ಅವರ ಮನೆಗೆ ಹೋಗಿ ಹೇಳಿದೆ. ಎರಡನೆಯವಳು ಆ ಗಂಡನ್ನೇ ಮದುವೆಯಾಗಿ, ಕಷ್ಟಪಟ್ಟು, ಬಿಟ್ಟು ಬರುತ್ತಾಳೆ. ಕೊನೆಯವಳ ಮನೆಯಲ್ಲಿ ಮೂವರೂ ಒಟ್ಟಿಗೆ ಇರುತ್ತಾರೆ. ಅವರು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದರು.

“ಅವಳು ಹಂಗೇ ಅಂದಿದ್ಲು” ಎಂದರು. ನನ್ನನ್ನು ಕಳಿಸಲು ಬಾಗಿಲವರೆಗೆ ಬಂದು, “ಶುಕ್ರವಾರ ನಮಾಜ್ ಆದ್ಮೇಲೆ ಗೋರಿ ಹತ್ರ ಹೋಗ್ತೀನಲ್ಲ, ಹೇಳ್ತೀನಿ” ಎಂದರು.

ಪುಸ್ತಕಗಳನ್ನು ಬುಧವಾರ ಹಿಂದಿರುಗಿಸಿದೆ. ಆಮೇಲೆ ಬಂದ ರಜೆಗಳಲ್ಲಿ ನಾನು ಗ್ರಂಥಾಲಯದಿಂದ ಏನನ್ನೂ ತಂದಿಲ್ಲ.