ಓಟಿನ ದುಡ್ಡು ಹಿಂದಕ್ಕೆ ಕಳಿಸಿದ ದೊಡ್ಡಮಾದಯ್ಯ

ಮತದಾರರ ಎಚ್ಚರ ವೇದಿಕೆಯ ಖಾತೆಯನ್ನು ಮೂವತ್ತು ದಿನಗಳಲ್ಲಿ ಮುಚ್ಚಲಾಗುವುದು ಎಂದು ನಂಜನಗೂಡಿನ ಬ್ಯಾಂಕಿನಿಂದ ಬಂದ ಪತ್ರದಲ್ಲಿ ಕಾರಣವೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಮೂವತ್ತಾರು ವರ್ಷ ಬೇರೆಯವರ ಕಾಗದಗಳನ್ನು ಹಂಚಿದ ದೊಡ್ಡಮಾದಯ್ಯ ತಮಗೆ ಬಂದ ಈ ಕಾಗದವನ್ನು ಮೂರು ಸಲ ಓದಿದರು.

ಅವರಿಗೆ ಅರವತ್ತೇಳು ವರ್ಷ. ಹುಲ್ಲಹಳ್ಳಿಗೆ ಸಮೀಪದ ಊರು. ಟಿ. ನರಸೀಪುರದಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತರಾದ ಮೇಲೆ ಊರಿನ ಹನ್ನೊಂದು ಜನರನ್ನು ಸೇರಿಸಿ ಈ ವೇದಿಕೆ ಕಟ್ಟಿದರು. ಚುನಾವಣೆಯಲ್ಲಿ ದುಡ್ಡು ತೆಗೆದುಕೊಳ್ಳಬೇಡಿ ಎಂದು ಮನೆಮನೆಗೆ ಹೋಗಿ ಹೇಳುವುದು ಅದರ ಕೆಲಸ.

ಈ ಸಲದ ಪಂಚಾಯಿತಿ ಚುನಾವಣೆಯಲ್ಲಿ ಜನ ಅರ್ಧ ಮಾತು ಕೇಳಿದರು. ಅಭ್ಯರ್ಥಿ ಮಹಾದೇವಸ್ವಾಮಿಯವರ ಕಡೆಯವರು ಓಟಿಗೆ ಐನೂರರಂತೆ ಕೊಟ್ಟಾಗ ಇಸ್ಕೊಂಡರು. ಆಮೇಲೆ ಮನಸ್ಸು ಒಪ್ಪದೆ ಇಪ್ಪತ್ತೆರಡು ಮನೆಯವರು ತಂದು ವೇದಿಕೆಗೆ ಕೊಟ್ಟರು. ಕೊಟ್ಟವರ ಕೈಗೇ ವಾಪಸ್ಸು ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಮಹಾದೇವಸ್ವಾಮಿಯವರದು ಗೊಬ್ಬರದ ಅಂಗಡಿ, ಊರಿನ ಬಹುತೇಕರ ಉದ್ರಿ ಅಲ್ಲಿದೆ. ದೂರು ಕೊಡೋಣವೆಂದರೆ ಸಾಕ್ಷಿಗೆ ನಿಲ್ಲುವವರೂ ಇರಲಿಲ್ಲ.

ದೊಡ್ಡಮಾದಯ್ಯನವರಿಗೆ ಗೊತ್ತಿದ್ದದ್ದು ಅಂಚೆ ಇಲಾಖೆಯ ದಾರಿ. ವಿಳಾಸದಾರ ಬೇಡವೆಂದ ಮನಿಯಾರ್ಡರ್, ಕಾರಣ ಬರೆಸಿಕೊಂಡು ಕಳಿಸಿದವರಿಗೇ ಹೋಗಬೇಕು. ಅವರು ಹಣವನ್ನು ವೇದಿಕೆಯ ಖಾತೆಗೆ ಕಟ್ಟಿದರು. ಗೊಬ್ಬರದಂಗಡಿಯ ಬಿಲ್ಲಿನಲ್ಲಿ ಅಚ್ಚಾಗಿದ್ದ ಖಾತೆ ಸಂಖ್ಯೆ ನೋಡಿ ಫಾರಂ ತುಂಬಿದರು. ಯಾತಕ್ಕಾಗಿ ಎಂದು ಕೇಳಿದ ಜಾಗದಲ್ಲಿ ‘ಓಟಿನ ದುಡ್ಡು ವಾಪಸ್ಸು’ ಎಂದು ದುಂಡಗೆ ಬರೆದರು. ಮೊದಲು ಹದಿನಾಲ್ಕು ಮನೆಯವರದು ಹೋಯಿತು. ಉಳಿದ ಎಂಟು ಮನೆಯವರ ಹನ್ನೊಂದು ಸಾವಿರ ಕಳಿಸುವಷ್ಟರಲ್ಲಿ ಪತ್ರ ಬಂತು, ಖಾತೆಯಿಂದ ಹಣ ಹೋಗುವುದು ನಿಂತಿತು.

ಮತದಾನ ಮುಗಿದು ಮಹಾದೇವಸ್ವಾಮಿ ಗೆದ್ದರು. ಆ ಎಂಟು ಮನೆಗಳಲ್ಲಿ ಮಾತು ಶುರುವಾಯಿತು. ದೊಡ್ಡಮಾದಯ್ಯ ನುಂಗಿದ್ದಾರೆ ಎಂದು ಎದುರಿಗೆ ಯಾರೂ ಅನ್ನಲಿಲ್ಲ. ಎಂಟು ಮನೆಯವರಲ್ಲಿ ಒಬ್ಬರಾದ ಪುಟ್ಟಮಾದಮ್ಮ ಮಾತ್ರ ಡೇರಿಗೆ ಹಾಲು ಹಾಕಿ ಬರುವಾಗ ನಾಲ್ಕು ಜನರ ಮುಂದೆ ತಡೆದು ಕೇಳಿದರು.

“ಅವ್ರ್ಗೂ ಓಗ್ನಿಲ್ಲ, ನಮ್ಗೂ ಉಳೀನಿಲ್ಲ. ಮಧ್ಯದಲ್ಲಿ ಯಾರ್ತಾವ ಅದೆ ಅಣ್ಣ ದುಡ್ಡು?”

ದೊಡ್ಡಮಾದಯ್ಯನವರ ಬಳಿ ತೋರಿಸಲು ಪಾಸ್‌ಬುಕ್ ಇತ್ತು. ಮುಚ್ಚುವ ಖಾತೆಯ ಪಾಸ್‌ಬುಕ್ಕನ್ನು ಜನ ನಂಬಲಿಲ್ಲ.

ಹೊಸ ಖಾತೆ ತೆರೆಯಲು ಟಿ. ನರಸೀಪುರದಲ್ಲಿ ಪರಿಚಯದವರಿದ್ದ ಇನ್ನೊಂದು ಬ್ಯಾಂಕಿಗೆ ಹೋದರು. ಹಳೆಯ ಖಾತೆ ಯಾಕೆ ಮುಚ್ಚುತ್ತಿದ್ದಾರೆ ಎಂದು ಅಲ್ಲಿಯವರು ಕೇಳಿದರು. ದೊಡ್ಡಮಾದಯ್ಯನವರಿಗೂ ತಿಳಿಯಬೇಕಿದ್ದದ್ದು ಅದೇ. ನಂಜನಗೂಡಿನ ಶಾಖೆಗೆ ಮೂರು ಸಲ ಅಲೆದಾಗ ಮೇಲಿನಿಂದ ಬಂದಿದೆ ಎಂಬ ಉತ್ತರವಷ್ಟೇ ಸಿಕ್ಕಿತು. ನಾಲ್ಕನೆಯ ಸಲ ಮ್ಯಾನೇಜರ್ ಗುರುಪ್ರಸಾದ್ ದೊಡ್ಡಮಾದಯ್ಯನವರನ್ನು ಒಳಗೆ ಕೂರಿಸಿ ಬಿಡಿಸಿ ಹೇಳಿದರು. ಚುನಾವಣೆಯ ವಾರ, ಐನೂರರ ನೋಟುಗಳಲ್ಲಿ ಒಳಗೆ ಬಂದ ಹಣ ಒಟ್ಟಾಗಿ ಅಭ್ಯರ್ಥಿಯ ಅಂಗಡಿಗೆ ಹೋಗಿದೆ, ಜೊತೆಗೆ ಫಾರಂನಲ್ಲಿ ಬರೆದ ಆ ಮೂರು ಪದ. ಓಟಿಗೆ ದುಡ್ಡು ಹಂಚುವವರ ಖಾತೆ ಹೇಗಿರುತ್ತದೋ ದೂರದ ಕಚೇರಿಯ ಕಂಪ್ಯೂಟರಿಗೆ ಇದೂ ಹಾಗೇ ಕಂಡಿತ್ತು.

“ಗೊಬ್ಬರದ ಬಾಕಿ ಕಟ್ಟಿದ್ದು ಅಂತ ಒಂದು ಕಾಗದ ಕೊಡಿ ಯಜಮಾನ್ರೆ,” ಎಂದರು ಗುರುಪ್ರಸಾದ್. “ಖಾತೆ ಉಳಿಯುತ್ತಾ ನೋಡ್ತೀನಿ.”

“ನಂಗೆ ಒಲಾನೇ ಇಲ್ವಲ್ಲ ಸಾ, ಗೊಬ್ಬರ ಎಲ್ಲಿಗಾಕ್ಲಿ?”

ಗುರುಪ್ರಸಾದ್ ನಕ್ಕು, ಅದನ್ನು ಯಾರೂ ಬಂದು ನೋಡುವುದಿಲ್ಲ ಎಂದರು.

“ಅಂಗ್ ಬರ್ದ್ರೆ ಊರ್ನೋರ್ ದುಡ್ಡಲ್ಲಿ ನಾನ್ ಸಾಲ ತೀರುಸ್ಕಂಡಂಗಾಯ್ತದೆ ಸಾ. ಮುಚ್ಬುಡಿ.”

ಖಾತೆ ಮುಚ್ಚುವ ಫಾರಂನಲ್ಲಿ, ಉಳಿದ ಹಣದ ಡಿ.ಡಿ. ಯಾರ ಹೆಸರಿಗೆ ಎಂದು ಒಂದು ಸಾಲಿತ್ತು. ದೊಡ್ಡಮಾದಯ್ಯ ಅಲ್ಲಿ ಗೊಬ್ಬರದಂಗಡಿಯ ಹೆಸರು ಬರೆದರು. ಗುರುಪ್ರಸಾದ್ ಅದನ್ನು ನೋಡಿದರು, ಯಾರಿಗೋ ಫೋನ್ ಮಾಡಿ ಮಾತಾಡಿದರು, ಆಮೇಲೆ ಸಹಿ ಹಾಕಿದರು.

ಮರುದಿನ ದೊಡ್ಡಮಾದಯ್ಯ ಡಿ.ಡಿ. ಹಿಡಿದು ಅಂಗಡಿಗೆ ಹೊರಟಾಗ ಪುಟ್ಟಮಾದಮ್ಮನನ್ನೂ ಕರೆದುಕೊಂಡರು. ವೇದಿಕೆಯವರನ್ನು ಕರೆಯಲಿಲ್ಲ. ಅನುಮಾನಪಟ್ಟವರೇ ನೋಡಲಿ ಎಂಬುದು ಅವರ ಲೆಕ್ಕ.

ಮಹಾದೇವಸ್ವಾಮಿ ಡಿ.ಡಿ.ಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಗೆದ್ದಾಯ್ತಲ್ಲ ಮಾದಯ್ಯ, ಇನ್ಯಾಕಿದು?”

“ನೀವ್ ಗೆದ್ದುದ್ಕೆ ನಂದೇನೂ ತಕರಾರಿಲ್ಲ ಸ್ವಾಮ್ಯೋರೆ. ಇದು ನಿಮ್ದು, ಮಡೀಕಳಿ.”

ಗೊಬ್ಬರಕ್ಕೆ ಬಂದಿದ್ದ ಇಬ್ಬರು ನೋಡುತ್ತಿದ್ದರು. ಮಹಾದೇವಸ್ವಾಮಿ ಅದನ್ನು ಡ್ರಾಯರಿಗೆ ಹಾಕಿಕೊಂಡರು. ಪುಟ್ಟಮಾದಮ್ಮ ರಸೀತಿ ಕೇಳಿದರು.

ಅಂಗಡಿಯ ಬಿಲ್ ಪುಸ್ತಕದಲ್ಲಿ ಯೂರಿಯಾ, ಡಿ.ಎ.ಪಿ., ಬಿತ್ತನೆ ಬೀಜ ಎಂದು ಅಚ್ಚಾಗಿತ್ತು. ಯಾವುದರ ಮುಂದೆ ಬರೆಯುವುದು ಎಂದು ಮಹಾದೇವಸ್ವಾಮಿಯವರ ಪೆನ್ನು ಒಂದು ಗಳಿಗೆ ನಿಂತಿತು. ಕೊನೆಗೆ ಎಲ್ಲವನ್ನೂ ಖಾಲಿ ಬಿಟ್ಟು, ಕೆಳಗೆ ಹನ್ನೊಂದು ಸಾವಿರ ಬಂದಿದೆ ಎಂದಷ್ಟೇ ಬರೆದು ಸಹಿ ಹಾಕಿದರು.

ಬೀದಿಗೆ ಬಂದ ಮೇಲೆ ದೊಡ್ಡಮಾದಯ್ಯ ರಸೀತಿಗೆ ಕೈ ಚಾಚಿದರು. ಪುಟ್ಟಮಾದಮ್ಮ ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲಕ್ಕೆ ಸೇರಿಸಿದರು.

“ಎಂಟ್ ಮನ್ಗೂ ನಾನೇ ತೋರುಸ್ತೀನಿ,” ಎಂದರು. “ನೀನು ಮನ್ಗೋಗಣ್ಣ.”