ಉಳಿದದ್ದು ಗುರುವಾರ

ಅವರ ಬಲಗೈಯ ನರ ಹಗ್ಗದಷ್ಟು ದಪ್ಪಕ್ಕೆ ಉಬ್ಬಿತ್ತು. ಅದರಲ್ಲಿ ಎರಡು ಸೂಜಿ. ನಾಲ್ಕು ಗಂಟೆ ಆ ಕೈ ಅಲ್ಲಾಡಿಸುವಂತಿಲ್ಲ. ಎಡಗೈಯಲ್ಲಿ ಮೊಬೈಲು. ಪುತ್ತೂರಿನ ಡಯಾಲಿಸಿಸ್ ಕೋಣೆಯಲ್ಲಿ ಸೋಮವಾರ, ಗುರುವಾರ ನನ್ನ ಪಕ್ಕದ ಬೆಡ್ಡು ಅವರದು. ಹತ್ತಿರದ ಸವಣೂರಿನವರು, ಲಾರಿ ಓಡಿಸಿ ದಣಿದವರು. ನಾನು ಕಡಬದಿಂದ ಬರುವ ಟೀಚರು. ನಲವತ್ತಕ್ಕೇ ಕಿಡ್ನಿ ಕೈಕೊಟ್ಟದ್ದರಿಂದ ಸಿಟ್ಟು ಸದಾ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅವರು ನೋಡುತ್ತಿದ್ದುದು ಒಂದೇ ಸಿನಿಮಾ, ಎಪ್ಪತ್ತರ ದಶಕದ ಕಪ್ಪುಬಿಳುಪು ಕ್ರೈಂ ಚಿತ್ರ. ಕೊಲೆ ಮಾಡಿದ ಲಾರಿ ಡ್ರೈವರೊಬ್ಬ ಗೋದಾಮಿನಲ್ಲಿ ಅಡಗುತ್ತಾನೆ, ಹೊರಗೆ ಪೊಲೀಸರು. ಹಾಡಿಲ್ಲ, ಹೊಡೆದಾಟವಿಲ್ಲ. ಪುತ್ತೂರಿನ ಟಾಕೀಸಿನಲ್ಲಿ ಮೂರೇ ದಿನ ಓಡಿತ್ತಂತೆ.

“ಜನಕ್ಕೆ ಗೊತ್ತಾಗ್ಲಿಲ್ಲ ಟೀಚರೇ. ಇವ ಗೇರು ಹಾಕುದು ನೋಡಿ, ಲಾರಿ ಬಿಟ್ಟೇ ಕಲ್ತವ. ಈಗ ಆ ಬೆರಳು ನೋಡಿ. ಹೆದರಿಕೆ ಎಲ್ಲ ಅಲ್ಲೇ ಉಂಟು.”

ಮೊದಮೊದಲು ಇದೊಂದು ತಲೆನೋವು ಎನಿಸಿತ್ತು. ಆಮೇಲೆ ನಾನೇ ಕತ್ತು ವಾಲಿಸಿ ಅಲ್ಲಲ್ಲಿ ತುಣುಕು ನೋಡತೊಡಗಿದೆ. ಕೊನೆ ಮಾತ್ರ ನೋಡಿರಲಿಲ್ಲ.

ಒಂದು ಸೋಮವಾರ ಬಿಪಿ ಇಳಿದು, ವಾಂತಿಯಾಗಿ, ಅತ್ತುಬಿಟ್ಟೆ. “ಸಾಕಾಯ್ತು ನಂಗೆ. ಗುರುವಾರದಿಂದ ನಾನು ಬರುದಿಲ್ಲ.”

ಬಾರದವರು ಎಷ್ಟು ದಿನ ಇರುತ್ತಾರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಸಮಾಧಾನ ಹೇಳಲಿಲ್ಲ. ಮೊಬೈಲು ನನ್ನತ್ತ ತಿರುಗಿಸಿದರು. ಗೋದಾಮಿನ ಚಿಲಕ ಅಲ್ಲಾಡುತ್ತಿತ್ತು. ಅಲ್ಲಿಗೇ ನಿಲ್ಲಿಸಿಬಿಟ್ಟರು.

“ಎಂತ ಮಾರಾಯ್ರೆ, ಬಂದದ್ದು ಯಾರು?”

“ಉಳಿದದ್ದು ಗುರುವಾರ.”

ಹೋದೆ. “ಮೊನ್ನೆ ಅಳ್ತಾ ನೋಡಿದ್ದು ಲೆಕ್ಕಕ್ಕಿಲ್ಲ” ಎಂದು ಮೊದಲಿನಿಂದ ಹಾಕಿದರು. ಚಿಲಕದ ಹತ್ತಿರ ಬಂದರೆ ಮತ್ತೆ ನಿಲ್ಲಿಸಿ, “ಉಳಿದದ್ದು ಸೋಮವಾರ.” ಪ್ರತಿ ಸಲವೂ ಹೀಗೇ. ಸಿನಿಮಾದ ಹೆಸರು ಕೇಳಿದರೂ ಬಾಯಿಬಿಡದ ಕಿಲಾಡಿ. ಎರಡು ಗಂಟೆಯ ಸಿನಿಮಾ ಐದು ತಿಂಗಳಾದರೂ ಮುಗಿಯಲಿಲ್ಲ.

ಕಳೆದ ತಿಂಗಳು ಒಂದು ಶನಿವಾರ ಅವರು ಮನೆಯಲ್ಲೇ ತೀರಿಕೊಂಡರು. ಮುಂದಿನ ವಾರ ಅವರ ಹೆಂಡತಿ ಆಸ್ಪತ್ರೆಗೆ ಬಂದು ಮೊಬೈಲು ನನ್ನ ಕೈಗಿಟ್ಟರು. “ಟೀಚರಿಗೆ ಕೊನೆ ತೋರಿಸ್ಬೇಕು ಅಂತ ಹೇಳಿದ್ರು.”

ಚಿಲಕ ಅಲ್ಲಾಡಿಸಿದ್ದು ಬರೀ ಗಾಳಿ. ಯಾರೂ ಬರುವುದಿಲ್ಲ. ಅವನು ಹೊರಗೂ ಹೋಗುವುದಿಲ್ಲ, ಕೂತೇ ಇರುತ್ತಾನೆ. ಬೆಳಗಾಗುತ್ತದೆ. ಚಿತ್ರ ಮುಗಿಯುತ್ತದೆ.

“ಇಷ್ಟಕ್ಕೆ ನನ್ನನ್ನು ಐದು ತಿಂಗಳು ಕರೆಸಿದಿರಾ?” ಎಂದು ಖಾಲಿ ಬೆಡ್ಡಿಗೆ ಬೈದೆ. ಕಣ್ಣೊರೆಸಲು ಒಂದೇ ಕೈ ಇತ್ತು.

ಇವತ್ತು ಗುರುವಾರ. ಏಳು ಗಂಟೆಯ ಬಸ್ಸಿಗೆ ಹೊರಟಿದ್ದೇನೆ.