ರೆಪ್ಪೆ ಎಳೆದು ನೋಡುವ ಅಕ್ಕ

ಮೊದಲು ನೆನಪಾಗುವುದು ಅವರ ಹೆಬ್ಬೆರಳು. ತಣ್ಣಗೆ, ಸ್ಪಿರಿಟ್ ವಾಸನೆಯದು. ಬೆಳ್ಮಣ್ ಬಸ್ ನಿಲ್ದಾಣದ ಹತ್ತಿರದ ಪುಟ್ಟ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಅವರನ್ನು ನಾವೆಲ್ಲ ಲ್ಯಾಬಿನ ಅಕ್ಕ ಎನ್ನುತ್ತಿದ್ದೆವು. ಸೂಜಿ ಚುಚ್ಚುವ ಮೊದಲು, ಬಂದವರು ಯಾರೇ ಆಗಲಿ, ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಲೇಬೇಕು. ಒಪ್ಪಿಗೆ ಕೇಳುತ್ತಿರಲಿಲ್ಲ. ನನಗದು ಅಧಿಕಪ್ರಸಂಗವೆನಿಸುತ್ತಿತ್ತು.

ಆ ವರ್ಷ ಉಡುಪಿಯ ಒಂದು ಶಿಬಿರದಲ್ಲಿ ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಟೆಸ್ಟ್ ಮಾಡಿಸಿದಾಗ, ಶುಗರಿನ ಹೊಸ್ತಿಲಲ್ಲಿದ್ದೀರಿ ಎಂದರು. ಅಮ್ಮ ಶುಗರಿನಿಂದಲೇ ಕಣ್ಣು ಕಳೆದುಕೊಂಡವಳು. ಕೂತಲ್ಲಿ ಕೂರಲಾಗಲಿಲ್ಲ ನನಗೆ. ಕುಚ್ಚಲಕ್ಕಿ ಗಂಜಿ ಬಿಟ್ಟೆ, ಹಸಿವಾದಾಗಲೆಲ್ಲ ಸಪ್ಪೆ ಚಹಾ ಕುಡಿದೆ, ಏದುಸಿರು ಬಿಡುತ್ತ ಪಡುಬಿದ್ರಿ ರಸ್ತೆಯಲ್ಲಿ ನಡೆದೆ. ಎರಡು ತಿಂಗಳ ನಂತರ ಅಕ್ಕನ ಲ್ಯಾಬಿಗೆ ಹೋದೆ.

"ಎಂತ ಮಾರಾಯ್ತಿ, ಒಳಗೆ ಕಾಗದದ ಹಾಗೆ ಬಿಳಿ ಉಂಟಲ್ಲ. ತಿಂಗಳ ಮುಟ್ಟಿನಲ್ಲಿ ತುಂಬ ಹೋಗ್ತದಾ?"

ಹೌದೆಂದೆ. ವರದಿ ಬಂದಾಗ ಸಕ್ಕರೆಯ ಅಂಕಿ ಮತ್ತಷ್ಟು ಏರಿತ್ತು. ನಾನು ಅತ್ತೇಬಿಟ್ಟೆ. ಅಕ್ಕ ಹಿಮೋಗ್ಲೋಬಿನ್ ಎಂಟು ಎಂದಿದ್ದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದರು.

"ಕಬ್ಬಿಣ ಕಡಿಮೆಯಾದರೆ ಹೊಸ ರಕ್ತಕಣ ಬೇಗ ಹುಟ್ಟುವುದಿಲ್ಲ. ಹಳೆಯವೇ ತಿರುಗ್ತಾ ಇರ್ತವೆ, ಅವಕ್ಕೆ ಸಕ್ಕರೆ ಹೆಚ್ಚು ಅಂಟಿರ್ತದೆ. ಈ ಅಂಕಿ ಒಂದನ್ನೇ ನಂಬಬೇಡ. ನಾನು ಡಾಕ್ಟರಲ್ಲ, ಅವರಿಗೆ ತೋರಿಸು. ಗಂಜಿ ಉಣ್ಣು ಮೊದಲು."

ಡಾಕ್ಟರೂ ಅದನ್ನೇ ಹೇಳಿದರು. ಖಾಲಿ ಹೊಟ್ಟೆಯ ಸಕ್ಕರೆ ಸರಿಯಾಗಿಯೇ ಇತ್ತು. ಕಬ್ಬಿಣದ ಮಾತ್ರೆ ನುಂಗಿ ಕೆಲವು ತಿಂಗಳಾದ ಮೇಲೆ ಮೂರು ತಿಂಗಳ ಅಂಕಿಯೂ ಇಳಿಯಿತು.

ಆ ವರದಿ ತೋರಿಸಲು ಓಡಿದೆ. ಅಕ್ಕ ಲ್ಯಾಬಿನ ಮೂರು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಿದ್ದರು. ತುಟಿಯಲ್ಲಿ ಬಣ್ಣವೇ ಇರಲಿಲ್ಲ.

"ಅಕ್ಕಾ, ನೀವೆಂತ ಹೀಗೆ ಬಿಳಿಚಿಕೊಂಡಿದ್ದೀರಿ?"

"ಸೆಖೆ ಅಲ್ವಾ ಮಾರಾಯ್ತಿ. ನಿನ್ನದು ಎಷ್ಟು ಬಂತು, ಹೇಳು."

ಅಂಕಿ ಹೇಳಿದೆ. ಅವರು ನಕ್ಕರು. ರೆಪ್ಪೆ ಎಳೆದು ನೋಡಲೇ ಎಂದು ಕೈ ಎತ್ತಿದವಳು ನಾಚಿ ಇಳಿಸಿದೆ. ಅಷ್ಟರಲ್ಲಿ ಕಾರ್ಕಳದ ಬಸ್ಸು ಬಂತು, ಹತ್ತಿಬಿಟ್ಟೆ.

ಅವರ ಹೊಟ್ಟೆಯೊಳಗೆ ಎಷ್ಟೋ ಕಾಲದಿಂದ ರಕ್ತ ಸೋರುತ್ತಿತ್ತಂತೆ. ಗೊತ್ತಾಗುವಾಗ ತಡವಾಗಿತ್ತು. ಇಗರ್ಜಿಯಲ್ಲಿ ಶವಪೆಟ್ಟಿಗೆಯ ಪಕ್ಕ ನಿಂತಾಗಲೂ ನನ್ನ ಕಣ್ಣು ಅವರ ಮುಚ್ಚಿದ ರೆಪ್ಪೆಗಳ ಮೇಲೆಯೇ ಇತ್ತು.

ಈಗ ನಾದಿನಿ, ಪಕ್ಕದ ಮನೆಯವಳು, ಮೀನು ತರುವಾಕೆ, ಯಾರು ಸುಸ್ತು ಎಂದರೂ ನಾನು ಒಪ್ಪಿಗೆ ಕೇಳುವುದಿಲ್ಲ.